ರಾಯಚೂರಿನ ಬಿಸಿಲು ಟೆಕ್ಸಸ್ ಮೈದಾನದಲ್ಲಿ ಲೆಕ್ಕಕ್ಕಿಲ್ಲ

ಪ್ರಶ್ನೆ: ಮೇಡಂ, ನಾವು ಮೂಲತಃ ರಾಯಚೂರು ಕಡೆಯವರು. ಹದಿನೈದು ವರ್ಷ ಬೆಂಗಳೂರಿನಲ್ಲಿದ್ದೆವು. ಯಜಮಾನರ ಕೆಲಸದ ಮೇಲೆ ಈ ಜೂನ್‌ನಲ್ಲಿ ಡಲ್ಲಾಸ್ ಹತ್ತಿರ ಬಂದಿದ್ದೇವೆ. ಮಗನಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಮನೆ ಹತ್ತಿರದ ಚಿಕ್ಕ ಕ್ರಿಶ್ಚಿಯನ್ ಶಾಲೆಗೆ ಸೇರಿಸಿದ್ದೇವೆ. ಮಕ್ಕಳು ಕಡಿಮೆ, ಟೀಚರುಗಳು ಒಳ್ಳೆಯವರು ಅನಿಸಿತು. ಆದರೆ ವಾರಕ್ಕೊಮ್ಮೆ ಚಾಪೆಲ್ ಅಂತ ಎಲ್ಲರೂ ಸೇರಿ ಮಾಡುವ ಪ್ರಾರ್ಥನೆ, ದಿನಾ ಬೈಬಲ್ ಕ್ಲಾಸು, ಆಟಕ್ಕೆ ಮೊದಲು ಪ್ರಾರ್ಥನೆ. "ಹುಡುಗ ಕೈತಪ್ಪಿ ಹೋಗ್ತಾನೆ" ಅಂತ ನಮ್ಮ ಅತ್ತೆ ದಿನಾ ಫೋನಿನಲ್ಲಿ ಅಳುತ್ತಾರೆ. ಚಾಪೆಲ್‌ನಲ್ಲಿ ಅವನು ಏನು ಮಾಡಬೇಕು? ಕೈಮುಗಿಯಬೇಕಾ, ಸುಮ್ನೆ ಕೂರಬೇಕಾ? ನಮ್ಮ ಹಬ್ಬಕ್ಕೆ ರಜೆ ಕೇಳಿದರೆ ತಪ್ಪು ತಿಳಿಯುತ್ತಾರಾ? ಇನ್ನೊಂದು, ಅವನು ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹೆಸರು ಕೊಟ್ಟಿದ್ದಾನೆ. ಆಗಸ್ಟ್ ಮೊದಲ ವಾರ ಪ್ರಾಕ್ಟೀಸ್ ಶುರು. ಡಾಕ್ಟರ ಹತ್ತಿರ ತುಂಬಿಸಿಕೊಂಡು ಬರಲು ಒಂದು ಫಾರಂ ಕೊಟ್ಟಿದ್ದಾರೆ. ನಾವು ಸಸ್ಯಾಹಾರಿಗಳು, ಅವನಿಗೆ ಶಕ್ತಿ ಸಾಲುತ್ತಾ? ಬಿಸಿಲಿನ ಭಯ ಮಾತ್ರ ಇಲ್ಲ, ನಾವು ರಾಯಚೂರಿನವರಲ್ವಾ!

ಉತ್ತರ: ನಿಮ್ಮ ಕೊನೆಯ ಸಾಲು ಓದಿ ಕಾಫಿ ಲೋಟ ಕೆಳಗಿಟ್ಟೆ. ಚಾಪೆಲ್ ಬಗ್ಗೆ ಅಷ್ಟೊಂದು ಬರೆದಿದ್ದೀರಿ. ಬಿಸಿಲಿಗೆ ಒಂದೇ ಸಾಲು, ಅದೂ ತಮಾಷೆಗೆ. 18 ವರ್ಷದಿಂದ ನಾನು ಇಲ್ಲಿನ ಹೈಸ್ಕೂಲುಗಳಲ್ಲಿ ಅಥ್ಲೆಟಿಕ್ ಟ್ರೇನರ್. ಕೋಚ್ ಅಂದುಕೊಳ್ಳಬೇಡಿ. ಮಕ್ಕಳು ಆಡುವಾಗ ಮೈದಾನದ ಅಂಚಿನಲ್ಲಿ ನಿಂತು, ಬಿದ್ದವರನ್ನು, ಕಾಲು ಉಳುಕಿಸಿಕೊಂಡವರನ್ನು, ತಲೆ ಸುತ್ತಿದವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲಿ ಹತ್ತು ವರ್ಷ ಕ್ರಿಶ್ಚಿಯನ್ ಶಾಲೆಗಳಲ್ಲೇ ಕಳೆದಿದ್ದೇನೆ. ಚಾಪೆಲ್‌ನಿಂದ ಆಂಬುಲೆನ್ಸ್ ಹತ್ತಿದ ಹುಡುಗನನ್ನು ನಾನು ನೋಡಿಲ್ಲ. ಆಗಸ್ಟ್ ಮೊದಲ ವಾರದ ಮೈದಾನದಿಂದ ಹತ್ತಿದವರನ್ನು ನೋಡಿದ್ದೇನೆ. ಹಾಗಾಗಿ ನಿಮ್ಮ ಪ್ರಶ್ನೆಗಳನ್ನು ಉಲ್ಟಾ ಮಾಡಿಕೊಂಡು ಉತ್ತರಿಸುತ್ತೇನೆ. ಮೊದಲು ಬಿಸಿಲು. ಚಾಪೆಲ್ ಕೊನೆಗೆ.

ಬಿಸಿಲು ತಡೆಯುವ ಶಕ್ತಿ ಹೊಲಮನೆ ಥರ ಅಜ್ಜನಿಂದ ಮೊಮ್ಮಗನಿಗೆ ಬರುವುದಿಲ್ಲ. ಪ್ರತಿಯೊಬ್ಬರ ಮೈಯೂ ಪ್ರತಿ ಬೇಸಿಗೆ ಅದನ್ನು ಹೊಸದಾಗಿ ಕಲಿಯಬೇಕು. ಬಿಸಿಯಲ್ಲಿ ದಿನಾ ಸ್ವಲ್ಪ ಸ್ವಲ್ಪ ಮೈ ದಣಿಸಿದರೆ ಮೊದಲ ನಾಲ್ಕೈದು ದಿನದಲ್ಲೇ ರಕ್ತದಲ್ಲಿ ನೀರಿನ ಅಂಶ ಹೆಚ್ಚುತ್ತದೆ. ಅಷ್ಟೇ ಓಟಕ್ಕೆ ಎದೆ ಮೊದಲಿಗಿಂತ ನಿಧಾನವಾಗಿ ಬಡಿಯುತ್ತದೆ. ಆಮೇಲೆ ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಹೊರಹೋಗುವ ಉಪ್ಪು ಕಡಿಮೆಯಾಗುತ್ತದೆ. ಇಷ್ಟೆಲ್ಲ ಆಗಲು 10ರಿಂದ 14 ದಿನ ಬೇಕು. ತಂಪಿನಲ್ಲಿ ಕೂತುಬಿಟ್ಟರೆ ಮೂರ್ನಾಲ್ಕು ವಾರದಲ್ಲಿ ಮೈ ಅದನ್ನು ಮರೆತೂ ಬಿಡುತ್ತದೆ. ನಿಮ್ಮ ಮಗ ಬೆಳೆದದ್ದು ಬೆಂಗಳೂರಿನಲ್ಲಿ. ಜೂನ್‌ನಿಂದ ಇಲ್ಲಿ ಎ.ಸಿ. ಮನೆ, ಎ.ಸಿ. ಕಾರು, ಎ.ಸಿ. ಅಂಗಡಿ. ಅವನ ಮೈಗೆ ಗೊತ್ತಿರುವುದು ಬೆಂಗಳೂರಿನ ಸಂಜೆ ಗಾಳಿ ಅಷ್ಟೇ.

ಅಷ್ಟಕ್ಕೂ ರಾಯಚೂರಿನವರು ಬಿಸಿಲನ್ನು ಗೆದ್ದದ್ದು ಮೈಗಿಂತ ಜಾಸ್ತಿ ಬುದ್ಧಿಯಿಂದ. ನಸುಕಿನಲ್ಲೇ ಹೊಲಕ್ಕೆ ಹೋಗುತ್ತಾರೆ. ಹೊತ್ತು ನೆತ್ತಿಗೇರುವ ಮೊದಲು ಮರದ ಕೆಳಗೆ ಬುತ್ತಿ ಬಿಚ್ಚುತ್ತಾರೆ. ತಲೆಗೆ ಟವೆಲ್, ಮಧ್ಯಾಹ್ನ ಕಟ್ಟೆಯ ಮೇಲೆ ಒಂದು ನಿದ್ದೆ. ಹೊತ್ತು ಇಳಿಯದ ಮುಂಚೆ ತಲೆಗೆ ಹೆಲ್ಮೆಟ್ ಏರಿಸಿ, ಹೆಗಲಿಗೆ ದಪ್ಪ ಪ್ಯಾಡ್ ಕಟ್ಟಿಕೊಂಡು, ಓಡಿಹೋಗಿ ಒಬ್ಬರನ್ನೊಬ್ಬರು ಗುದ್ದಿ ಅಂದರೆ ರಾಯಚೂರಿನ ಯಾವ ರೈತನೂ ಒಪ್ಪುವುದಿಲ್ಲ. "ಹುಚ್ಚು ಹಿಡದದೇನು?" ಅಂತ ಕೇಳುತ್ತಾನೆ. ಅಮೆರಿಕನ್ ಫುಟ್‌ಬಾಲ್ ಪ್ರಾಕ್ಟೀಸ್ ಅಂದರೆ ಅದೇ. ಡಲ್ಲಾಸ್ ಕಡೆ ಆಗಸ್ಟ್‌ನಲ್ಲಿ 37, 38 ಡಿಗ್ರಿ ಮಾಮೂಲು. ಇಲ್ಲಿ ದಿನದ ಅತಿ ಜಾಸ್ತಿ ಬಿಸಿ ಇರುವುದು ಮಧ್ಯಾಹ್ನ 12ಕ್ಕಲ್ಲ, ಸಂಜೆ ನಾಲ್ಕರಿಂದ ಆರರ ಒಳಗೆ. ಶಾಲೆ ಬಿಟ್ಟ ಮೇಲೆ ಪ್ರಾಕ್ಟೀಸ್ ಇಡುವುದೂ ಆಗಲೇ. ಮೈದಾನದಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿದ್ದರಂತೂ ಆ ನೆಲ ಬಿಸಿಲಲ್ಲಿ 60 ಡಿಗ್ರಿ ದಾಟುವುದುಂಟು.

ದೊಡ್ಡ ಆಟಗಾರರಿಗೂ ಇದರಲ್ಲಿ ರಿಯಾಯಿತಿ ಇಲ್ಲ. 2001ರ ಜುಲೈ 31ರಂದು ಮಿನೆಸೋಟಾ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್ ಪ್ರಾಕ್ಟೀಸ್‌ನಲ್ಲಿ ಬಿಸಿಲ ಹೊಡೆತಕ್ಕೆ ಕುಸಿದರು. ಮಾರನೇ ದಿನ ತೀರಿಕೊಂಡರು. 27 ವರ್ಷ. ದೇಶದ ಅತಿ ದೊಡ್ಡ ಲೀಗಿನ ಆಟಗಾರ. ಅದು ಕ್ಯಾಂಪಿನ ಎರಡನೇ ದಿನ. 2010ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನಲ್ಲೇ ಒಂದು ಸಂಸ್ಥೆ ಶುರುವಾಯಿತು. ನಾನು ಇಲ್ಲಿ ಹೇಳುತ್ತಿರುವುದರಲ್ಲಿ ಬಹಳಷ್ಟನ್ನು ಆ ಸಂಸ್ಥೆಯವರು ವರ್ಷಗಟ್ಟಲೆ ಶಾಲೆ ಶಾಲೆಗೂ ಹೇಳುತ್ತಾ ಬಂದಿದ್ದಾರೆ.

ಈಗ ನೀವು ಶಾಲೆಗೆ ಕೇಳಬೇಕಾದ ಮುಖ್ಯ ವಿಷಯ. ನಮ್ಮ ಅಥ್ಲೆಟಿಕ್ ಟ್ರೇನರುಗಳ ರಾಷ್ಟ್ರೀಯ ಸಂಘ 2009ರಲ್ಲಿ ಹೈಸ್ಕೂಲುಗಳಿಗೆ 14 ದಿನಗಳ ಒಂದು ಕ್ರಮ ಹೇಳಿತು. ಮೊದಲ ಐದು ದಿನ ದಿನಕ್ಕೆ ಒಂದೇ ಪ್ರಾಕ್ಟೀಸ್, ಮೂರು ಗಂಟೆ ಮೀರುವಂತಿಲ್ಲ. ಮೊದಲ ಎರಡು ದಿನ ಹೆಲ್ಮೆಟ್ ಮಾತ್ರ. ಮೂರರಿಂದ ಐದನೇ ದಿನದವರೆಗೆ ಹೆಲ್ಮೆಟ್ ಜೊತೆ ಹೆಗಲ ಪ್ಯಾಡ್. ಪೂರ್ತಿ ಸಾಮಗ್ರಿ ಆರನೇ ದಿನದಿಂದ. ದಿನಕ್ಕೆ ಎರಡು ಪ್ರಾಕ್ಟೀಸ್ ಮಾಡಿಸುವುದಿದ್ದರೆ ಅದೂ ಆರನೇ ದಿನದಿಂದ, ಅದೂ ಸತತ ಎರಡು ದಿನ ಅಲ್ಲ. ಹುಡುಗ ಒಂದು ದಿನ ತಪ್ಪಿಸಿಕೊಂಡರೆ ಅವನ ಲೆಕ್ಕ ಅಲ್ಲಿಂದಲೇ ಮುಂದುವರಿಯಬೇಕು. ತಂಡ ಆರನೇ ದಿನದಲ್ಲಿದೆ ಅಂತ ಮೂರನೇ ದಿನದ ಹುಡುಗನಿಗೆ ಪೂರ್ತಿ ಪ್ಯಾಡ್ ಕಟ್ಟುವಂತಿಲ್ಲ. ಹೊಸ ಊರಿನಿಂದ ಬಂದು ತಡವಾಗಿ ಸೇರುವ ಮಕ್ಕಳಿಗೆ ಮೋಸ ಆಗುವುದು ಇಲ್ಲೇ. ಟೆಕ್ಸಸ್‌ನಲ್ಲಿ ಸರ್ಕಾರಿ ಶಾಲೆಗಳ ಕ್ರೀಡೆ ಯು.ಐ.ಎಲ್. ಎಂಬ ಸಂಸ್ಥೆಯ ಕೆಳಗೆ ಬರುತ್ತದೆ. ಕ್ರಿಶ್ಚಿಯನ್ ಶಾಲೆಗಳಲ್ಲಿ ಬಹಳಷ್ಟು ಟ್ಯಾಪ್ಸ್ ಎಂಬ ಖಾಸಗಿ ಶಾಲೆಗಳ ಒಕ್ಕೂಟದಲ್ಲಿವೆ, ಕೆಲವು ಬೇರೆ ಒಕ್ಕೂಟಗಳಲ್ಲಿ. ಪಕ್ಕದ ಮನೆಯವರ ಸರ್ಕಾರಿ ಶಾಲೆಯ ನಿಯಮ ನಿಮ್ಮ ಶಾಲೆಗೂ ಇದೆ ಅಂದುಕೊಳ್ಳಬೇಡಿ. "ಮೊದಲ ಎರಡು ವಾರದ ಪ್ರಾಕ್ಟೀಸ್ ವೇಳಾಪಟ್ಟಿ ಕೊಡಿ" ಅಂತ ಕೋಚ್‌ಗೆ ಒಂದು ಇಮೇಲ್ ಹಾಕಿ. ಒಳ್ಳೆಯ ಕೋಚ್ ಖುಷಿಯಿಂದ ಕಳಿಸುತ್ತಾರೆ.

ಅಲ್ಲಿಯವರೆಗೆ ಮನೆಯಲ್ಲಿ ಮಾಡುವ ಕೆಲಸ ಇದೆ. ಈ ವಾರದಿಂದಲೇ ಅವನು ಹೊರಗೆ ಹೋಗಲಿ. ಮೊದಲ ಎರಡು ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ 20 ನಿಮಿಷ ಬಿರುಸು ನಡಿಗೆ. ಆಮೇಲೆ ದಿನಕ್ಕೆ ಐದೈದು ನಿಮಿಷ ಹೆಚ್ಚಿಸಿ, ನಡುನಡುವೆ ನಿಧಾನ ಓಟ ಸೇರಿಸಿ. ಎರಡನೇ ವಾರ ಸಂಜೆ ಆರೂವರೆಗೆ ಬದಲಿಸಿ. ಜೊತೆಗೆ ಅಪ್ಪನೋ ಸ್ನೇಹಿತನೋ ಇರಲಿ, ಒಬ್ಬನೇ ಬೇಡ. ಮಾತಾಡಿಕೊಂಡು ಓಡಲು ಆಗಬೇಕು, ಏದುಸಿರು ಬಂದರೆ ಜಾಸ್ತಿ ಆಯಿತು ಅಂತ ಅರ್ಥ. ಜ್ವರ, ಭೇದಿ, ವಾಂತಿ ಇದ್ದರೆ ಅವತ್ತು ಬೇಡವೇ ಬೇಡ. ರಾತ್ರಿ ಮೊಬೈಲು ನೋಡುತ್ತಾ ಎರಡು ಗಂಟೆಗೆ ಮಲಗುವ ಅಭ್ಯಾಸ ಇದ್ದರೆ ಅದನ್ನೂ ಈಗಲೇ ಬಿಡಿಸಿ. ನಿದ್ದೆಗೆಟ್ಟ ಮೈ ಬಿಸಿಯನ್ನು ಸರಿಯಾಗಿ ತಡೆಯುವುದಿಲ್ಲ.

ಶಾಲೆಯವರು ಬಿಸಿಲನ್ನು ಹೇಗೆ ಅಳೆಯುತ್ತಾರೆ ಅಂತಲೂ ಕೇಳಿ. ಫೋನಿನಲ್ಲಿ ಕಾಣುವ ಡಿಗ್ರಿ ನೋಡಿ ತೀರ್ಮಾನಿಸುವವರು ಇನ್ನೂ ಇದ್ದಾರೆ. ಅದು ಸಾಲದು. ನಮ್ಮ ಹತ್ತಿರ ವೆಟ್ ಬಲ್ಬ್ ಗ್ಲೋಬ್ ಅಂತ ಕೈಯಲ್ಲಿ ಹಿಡಿಯುವ ಸಾಧನ ಇರುತ್ತದೆ. ಗಾಳಿಯ ಬಿಸಿ, ತೇವ, ನೇರ ಬಿಸಿಲು, ಬೀಸುವ ಗಾಳಿ ಎಲ್ಲ ಸೇರಿಸಿ ಒಂದು ಸಂಖ್ಯೆ ಕೊಡುತ್ತದೆ. ಅದರಲ್ಲಿ ತೇವದ ಪಾಲೇ ಶೇಕಡಾ 70. ಮಂಗಳೂರಿನ 33 ಡಿಗ್ರಿ ರಾಯಚೂರಿನ 38ಕ್ಕಿಂತ ಮೈಗೆ ಕಷ್ಟ ಅನಿಸುವುದು ಏಕೆ ಅಂತ ಕರಾವಳಿಯವರಿಗೆ ಹೇಳಬೇಕಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಬಿಸಿ ರಾಜ್ಯಗಳಿಗೆ ಹೆಚ್ಚಾಗಿ ಬಳಸುವ ಪಟ್ಟಿಯಲ್ಲಿ ಈ ಸಂಖ್ಯೆ 92 ಫ್ಯಾರನ್‌ಹೀಟ್ ದಾಟಿದರೆ ಹೊರಗಿನ ಪ್ರಾಕ್ಟೀಸ್ ರದ್ದು. 90ರಿಂದ 92ರ ನಡುವೆ ಇದ್ದರೆ ಒಂದೇ ಗಂಟೆ, ಹೆಲ್ಮೆಟ್ ಪ್ಯಾಡ್ ಯಾವುದೂ ಇಲ್ಲದೆ. ಇದು ಹವಾಮಾನ ವರದಿಯ 92 ಅಲ್ಲ, ನೆನಪಿರಲಿ.

ಎಷ್ಟೇ ಹುಷಾರಾಗಿದ್ದರೂ ಯಾರಾದರೂ ಬೀಳಬಹುದು. ಮೈಯೊಳಗಿನ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿ ಮಿದುಳಿಗೆ ತಟ್ಟಿದಾಗ ಹುಡುಗ ವಿಚಿತ್ರವಾಗಿ ಆಡುತ್ತಾನೆ. ಸಿಟ್ಟು ಮಾಡಿಕೊಳ್ಳುತ್ತಾನೆ, ತಪ್ಪು ದಿಕ್ಕಿಗೆ ನಡೆಯುತ್ತಾನೆ, ಇವತ್ತು ಯಾವ ವಾರ ಅಂದರೆ ತೊದಲುತ್ತಾನೆ. ಬೆವರು ನಿಂತಿರಬೇಕು ಅಂತಿಲ್ಲ, ಓಡುತ್ತಿದ್ದ ಹುಡುಗನ ಮೈ ಸಾಮಾನ್ಯವಾಗಿ ಒದ್ದೆಯೇ ಇರುತ್ತದೆ. ಆಗ ಮಾಡಬೇಕಾದದ್ದು ಒಂದೇ. ಐಸ್ ನೀರು ತುಂಬಿದ ದೊಡ್ಡ ಟಬ್ಬಿನಲ್ಲಿ ಕತ್ತಿನವರೆಗೆ ಮುಳುಗಿಸಿ, ತಲೆ ಹಿಡಿದುಕೊಂಡು, ನೀರು ಕಲಕುತ್ತಾ ಇರುವುದು. ತುರ್ತು ಸಂಖ್ಯೆ 911ಕ್ಕೆ ಕರೆ ಹೋಗಿರಬೇಕು, ಆದರೆ ಆಂಬುಲೆನ್ಸ್ ಬಂತು ಅಂತ ನಡುವೆ ಎತ್ತಬಾರದು. ಮೊದಲು ತಣಿಸು, ಆಮೇಲೆ ಸಾಗಿಸು ಅನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಬಿದ್ದ ಅರ್ಧ ಗಂಟೆಯೊಳಗೆ ಮೈ ಬಿಸಿ 39ಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಎಲ್ಲರೂ ಬದುಕುತ್ತಾರೆ. ಬಿಸಿಲ ಹೊಡೆತದ ಸಾವು ತಪ್ಪಿಸಬಹುದಾದ ಸಾವು ಅಂತ ನಾವು ಹಟ ಹಿಡಿಯುವುದು ಅದಕ್ಕೇ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಟಬ್ ಇತ್ತು, ಚೆನ್ನಾಗಿಯೇ ಇತ್ತು. ಅದರೊಳಗೆ ಫುಟ್‌ಬಾಲ್ ಚೀಲ, ಕೋನ್, ಹಳೇ ಜೆರ್ಸಿ ತುಂಬಿಟ್ಟಿದ್ದರು. ಮೂರನೇ ದಿನ ಒಬ್ಬ ಹುಡುಗ ಕುಸಿದ. ಸಾಮಾನು ಸುರಿದು, ಪೈಪ್ ಹುಡುಕಿ, ಐಸ್ ತರಿಸುವಷ್ಟರಲ್ಲಿ ಹನ್ನೊಂದು ನಿಮಿಷ. ಹುಡುಗ ಉಳಿದ. ಅವತ್ತು ಬೆಳಿಗ್ಗೆ ಟಬ್ ನೋಡಬೇಕಾದವಳು ನಾನೇ, ನೋಡಿರಲಿಲ್ಲ. ಆ ಮೇಲೆ ಇವತ್ತಿನವರೆಗೆ ಟಬ್ಬಿಗೆ ನೀರು ಬೀಳದೆ ಶಿಳ್ಳೆ ಊದಲು ಬಿಟ್ಟಿಲ್ಲ.

ನಿಮ್ಮದು ಚಿಕ್ಕ ಶಾಲೆ ಅಂದಿರಿ. ಟೆಕ್ಸಸ್‌ನ ಚಿಕ್ಕ ಶಾಲೆಗಳಲ್ಲಿ 11 ಜನರ ತಂಡಕ್ಕೆ ಹುಡುಗರು ಸಾಲುವುದಿಲ್ಲ, ಆರು ಜನರ ಫುಟ್‌ಬಾಲ್ ಆಡುತ್ತಾರೆ. 1934ರಲ್ಲಿ ನೆಬ್ರಾಸ್ಕಾದ ಹೀಬ್ರನ್ ಎಂಬ ಊರಿನಲ್ಲಿ ಚಿಕ್ಕ ಶಾಲೆಗಳಿಗೆಂದೇ ಹುಟ್ಟಿದ ಆಟ. ಮೈದಾನ 100 ಗಜದ ಬದಲು 80 ಗಜ. ನೋಡಲು ಬಲು ಮಜಾ, ಓಟವೋ ಓಟ. ಒಂದೇ ತೊಂದರೆ, ಹುಡುಗರು ಕಡಿಮೆ ಇರುವುದರಿಂದ ಅದೇ ಹುಡುಗ ದಾಳಿಗೂ ಇಳಿಯಬೇಕು, ತಡೆಯುವುದಕ್ಕೂ ಇಳಿಯಬೇಕು. ವಿಶ್ರಾಂತಿ ಕಡಿಮೆ. ಪೂರ್ತಿ ಹೊತ್ತಿನ ಅಥ್ಲೆಟಿಕ್ ಟ್ರೇನರ್ ಇಟ್ಟುಕೊಳ್ಳಲು ಅನೇಕ ಚಿಕ್ಕ ಶಾಲೆಗಳಿಗೆ ದುಡ್ಡೂ ಇರುವುದಿಲ್ಲ. ಪ್ರಾಕ್ಟೀಸ್ ದಿನ ಆರೋಗ್ಯ ನೋಡಿಕೊಳ್ಳುವವರು ಯಾರು, ಎ.ಇ.ಡಿ. ಎಲ್ಲಿದೆ ಅಂತ ಕೇಳಲು ಸಂಕೋಚ ಬೇಡ. ಎ.ಇ.ಡಿ. ಅಂದರೆ ಇದ್ದಕ್ಕಿದ್ದಂತೆ ಲಯ ತಪ್ಪಿ ಒದ್ದಾಡುವ ಹೃದಯಕ್ಕೆ ಶಾಕ್ ಕೊಡುವ ಪೆಟ್ಟಿಗೆ. ಶಾಕ್ ಒಂದೊಂದು ನಿಮಿಷ ತಡವಾದಂತೆ ಬದುಕುವ ಅವಕಾಶ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಆ ಪೆಟ್ಟಿಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ಬೀಗದೊಳಗೆ ಇದ್ದರೆ ಇದ್ದೂ ಇಲ್ಲದಂತೆ.

ನೀರಿನ ವಿಷಯದಲ್ಲಿ ಅಮ್ಮಂದಿರು ಎರಡೂ ಕಡೆ ತಪ್ಪುತ್ತಾರೆ. ಕುಡಿಸದೇ ಇರುವುದು ಒಂದು. ಬಲವಂತವಾಗಿ ಕುಡಿಸುವುದು ಇನ್ನೊಂದು. 2014ರ ಆಗಸ್ಟ್‌ನಲ್ಲಿ ಜಾರ್ಜಿಯಾದ ಒಬ್ಬ ಹೈಸ್ಕೂಲ್ ಆಟಗಾರ ಸೆಳೆತ ಬರಬಾರದು ಅಂತ ಮಿತಿಮೀರಿ ನೀರು, ಕ್ರೀಡಾ ಪಾನೀಯ ಕುಡಿದ. ರಕ್ತದ ಸೋಡಿಯಂ ಕುಸಿದು ಮಿದುಳು ಊದಿಕೊಂಡು ತೀರಿಹೋದ. ಸರಳ ದಾರಿ ಇದೆ. ಪ್ರಾಕ್ಟೀಸ್‌ಗೆ ಮೊದಲು, ಮುಗಿದ ಮೇಲೆ ತೂಕ ನೋಡಿ. 50 ಕೆ.ಜಿ. ಹುಡುಗ ಒಂದು ಕೆ.ಜಿ. ಇಳಿದಿದ್ದರೆ ಮುಂದಿನ ಕೆಲವು ಗಂಟೆಗಳಲ್ಲಿ ಒಂದೂಕಾಲು ಲೀಟರ್ ಆಸುಪಾಸು ನಿಧಾನಕ್ಕೆ ಕುಡಿಯಲಿ. ತೂಕ ಏರಿದ್ದರೆ ಕುಡಿದದ್ದು ಜಾಸ್ತಿ ಆಗಿದೆ. ಬೆಳಿಗ್ಗೆ ಮೂತ್ರ ತಿಳಿ ನಿಂಬೆ ಪಾನಕದ ಬಣ್ಣದಲ್ಲಿದ್ದರೆ ಸರಿ. ಬೆಲ್ಲದ ನೀರಿನ ಬಣ್ಣ ಇದ್ದರೆ ಸರಿಯಿಲ್ಲ. ಕುಡಿಯಲು ಏನು ಕೊಡಲಿ ಅಂತ ಅಂಗಡಿಯಲ್ಲಿ ಬಣ್ಣಬಣ್ಣದ ಬಾಟಲಿ ಮುಂದೆ ನಿಲ್ಲಬೇಡಿ. ರಾಮನವಮಿ ಪಾನಕಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ, ಬೆಲ್ಲ ಸ್ವಲ್ಪ ಕಡಿಮೆ ಮಾಡಿ. ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ. ಎನರ್ಜಿ ಡ್ರಿಂಕ್ ಅಂತ ಮಾರುವ ಕೆಫೀನ್ ಡಬ್ಬಿಗಳನ್ನು ಮಾತ್ರ ಮನೆಯೊಳಗೆ ಬಿಡಬೇಡಿ.

ಇನ್ನು ಫಾರಂ. ಅದರಲ್ಲಿ ಡಾಕ್ಟರು ತುಂಬುವ ಭಾಗಕ್ಕಿಂತ ನೀವು ತುಂಬುವ ಭಾಗ ಮುಖ್ಯ. ಓಡುವಾಗ ಯಾವತ್ತಾದರೂ ತಲೆಸುತ್ತಿ ಬಿದ್ದಿದ್ದಾನಾ, ಎದೆನೋವು ಬಂದಿತ್ತಾ, ಮನೆತನದಲ್ಲಿ ಯಾರಾದರೂ 50 ವರ್ಷದೊಳಗೆ ಇದ್ದಕ್ಕಿದ್ದಂತೆ ಸತ್ತಿದ್ದಾರಾ ಅಂತ ಕೇಳಿರುತ್ತಾರೆ. ನಮ್ಮವರು ಎಲ್ಲಕ್ಕೂ "ಇಲ್ಲ" ಅಂತ ಗೆರೆ ಎಳೆದು ಸಹಿ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. "ಚಿಕ್ಕಪ್ಪ ಬಾವಿಯಲ್ಲಿ ಮುಳುಗಿ ಹೋದ, ಈಜು ಚೆನ್ನಾಗಿಯೇ ಬರುತ್ತಿತ್ತು" ಅನ್ನುವಂಥ ಹಳೇ ಕಥೆ ಎಷ್ಟೋ ಸಲ ಹೃದಯದ ಕಥೆಯೇ ಆಗಿರಬಹುದು. ಇದನ್ನು ತಿಳಿದವರು ನಿಮ್ಮ ಅತ್ತೆಯೇ. ದಿನಾ ಫೋನ್ ಮಾಡುತ್ತಾರಲ್ಲ, ಒಂದು ದಿನ ಅಳು ನಿಲ್ಲಿಸಿ ಎರಡು ಮೂರು ತಲೆಮಾರಿನ ವಿಷಯ ಹೇಳಲು ಕೇಳಿ, ಬರೆದುಕೊಳ್ಳಿ.

ಲಸಿಕೆ ಚೀಟಿಯೂ ಬೇಕಾಗುತ್ತದೆ. ಭಾರತದ ಸರ್ಕಾರಿ ಪಟ್ಟಿಯಲ್ಲಿ ದಡಾರ, ರುಬೆಲ್ಲಾ ಇವೆ, ಮಂಗನಬಾವು ಇಲ್ಲ. ಚಿಕನ್‌ಪಾಕ್ಸ್, ಹೆಪಟೈಟಿಸ್ ಎ, ಹದಿಹರೆಯದವರ ಮೆನಿಂಜೈಟಿಸ್ ಲಸಿಕೆ ಕೂಡ ಇಲ್ಲ. ಬೆಂಗಳೂರಿನಲ್ಲಿ ಖಾಸಗಿ ಡಾಕ್ಟರ ಹತ್ತಿರ ಹಾಕಿಸಿದ್ದರೆ ದಾಖಲೆ ತರಿಸಿಕೊಳ್ಳಿ. ಟಿ.ಬಿ. ಪರೀಕ್ಷೆ ಕೇಳಿದರೆ ಚರ್ಮಕ್ಕೆ ಚುಚ್ಚುವ ಪರೀಕ್ಷೆ ಬೇಡ, ರಕ್ತ ಪರೀಕ್ಷೆ ಮಾಡಿ ಅನ್ನಿ. ಹುಟ್ಟಿದಾಗ ಹಾಕಿದ ಬಿ.ಸಿ.ಜಿ.ಯಿಂದ ಚರ್ಮದ ಪರೀಕ್ಷೆ ಸುಮ್ನೆ ಪಾಸಿಟಿವ್ ತೋರಿಸಬಹುದು.

ಸಸ್ಯಾಹಾರದಲ್ಲಿ ಶಕ್ತಿ ಸಾಲುತ್ತಾ? ಸಾಲುತ್ತದೆ, ತಿಳಿಸಾರಿನಲ್ಲಿ ಬೇಳೆ ಇದ್ದರೆ! 50 ಕೆ.ಜಿ. ಹುಡುಗನಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ಲೋಟ ಹಾಲಿನಲ್ಲಿ 8 ಗ್ರಾಂ, ಒಂದು ಹಿಡಿ ಕಡಲೆಬೀಜದಲ್ಲಿ ಏಳೆಂಟು, 100 ಗ್ರಾಂ ಪನೀರಿನಲ್ಲಿ ಸುಮಾರು 18, ಒಂದು ದೊಡ್ಡ ಬಟ್ಟಲು ಗಟ್ಟಿ ಬೇಳೆ ಅಥವಾ ಕಾಳಿನಲ್ಲಿ 15ರ ಆಸುಪಾಸು. ಲೆಕ್ಕ ಕೂಡಿದರೆ ಕಷ್ಟವೇನಿಲ್ಲ. ರಾಯಚೂರು ಕಡೆಯ ಶೇಂಗಾ ಚಟ್ನಿ, ಮಡಕಿ ಕಾಳಿನ ಪಲ್ಯ, ಜೋಳದ ರೊಟ್ಟಿ ಇಲ್ಲಿನ ಯಾವ ಪ್ರೋಟೀನ್ ಬಾರ್‌ಗಿಂತಲೂ ಮೇಲು ಅಂತ ನನ್ನ ಅಭಿಪ್ರಾಯ. ನಾನು ಧಾರವಾಡದವಳು, ಪಕ್ಷಪಾತ ಇರಬಹುದು. ಕೊರತೆ ಆಗುವುದು ಬಿ12, ಕಬ್ಬಿಣದ ಅಂಶ, ವಿಟಮಿನ್ ಡಿ. ಫಾರಂ ತುಂಬಿಸಲು ಹೋದಾಗಲೇ ಈ ಮೂರನ್ನೂ ರಕ್ತದಲ್ಲಿ ನೋಡಿ ಅಂತ ಕೇಳಿ. ಕಾಳಿನ ಜೊತೆ ನಿಂಬೆಹಣ್ಣು ಹಿಂಡಿ, ಊಟದ ಜೊತೆಗೇ ಚಹಾ ಬೇಡ. ಆಗಸ್ಟ್‌ನಲ್ಲಿ ನಮಗೆ ಶ್ರಾವಣ, ಕೃಷ್ಣಾಷ್ಟಮಿ ಎಲ್ಲ ಬರುತ್ತವೆ. ಪ್ರಾಕ್ಟೀಸ್ ಇರುವ ದಿನ ಹುಡುಗನಿಗೆ ಉಪವಾಸ ಮಾತ್ರ ಬೇಡ. ಅವನ ಪಾಲಿನದನ್ನು ನೀವು ಮಾಡಿ.

ಈಗ ಚಾಪೆಲ್. ಕ್ರಿಶ್ಚಿಯನ್ ಶಾಲೆಗಳಲ್ಲಿ ಎರಡು ಬಗೆ. ಕೆಲವು ಶಾಲೆಗಳು ತಂದೆ ತಾಯಿ ಕ್ರೈಸ್ತರಾಗಿದ್ದು, ಚರ್ಚಿನ ಸದಸ್ಯರಾಗಿದ್ದರೆ ಮಾತ್ರ ಸೇರಿಸಿಕೊಳ್ಳುತ್ತವೆ. ಇನ್ನು ಕೆಲವು ಎಲ್ಲ ಧರ್ಮದವರನ್ನೂ ಸೇರಿಸಿಕೊಳ್ಳುತ್ತವೆ, ಆದರೆ ಚಾಪೆಲ್ಲಿಗೆ, ಬೈಬಲ್ ಕ್ಲಾಸಿಗೆ ಬರಲೇಬೇಕು. ನಿಮ್ಮದು ಎರಡನೆಯದು. ಖಾಸಗಿ ಶಾಲೆಗೆ ಹಾಗೆ ಕೇಳುವ ಹಕ್ಕಿದೆ, ನೀವು ಸೇರಿಸುವಾಗಲೇ ಒಪ್ಪಿ ಸಹಿ ಹಾಕಿರುತ್ತೀರಿ. ಆ ಕೈಪಿಡಿಯನ್ನು ತೆಗೆದು ಒಮ್ಮೆ ಓದಿ. "ಹಾಜರಿರಬೇಕು" ಅಂತ ಬರೆದಿದೆಯಾ, "ನಂಬಬೇಕು" ಅಂತ ಬರೆದಿದೆಯಾ ನೋಡಿ. ಎಲ್ಲರನ್ನೂ ಸೇರಿಸಿಕೊಳ್ಳುವ ಶಾಲೆಗಳಲ್ಲಿ ಮೊದಲನೆಯದೇ ಇರುವುದನ್ನು ನಾನು ಕಂಡಿದ್ದೇನೆ.

ಮಗನಿಗೆ ಮೊದಲ ಚಾಪೆಲ್ಲಿಗೆ ಮುಂಚೆಯೇ ಸ್ಪಷ್ಟವಾಗಿ ಹೇಳಿ. ಎಲ್ಲರೂ ಎದ್ದಾಗ ಏಳು, ಕೂತಾಗ ಕೂರು. ಹಾಡಬೇಕು ಅಂತಿಲ್ಲ. ಅವರು ಕಣ್ಣು ಮುಚ್ಚಿದಾಗ ನೀನು ತಲೆ ತಗ್ಗಿಸು, ಬೇಕಿದ್ದರೆ ಮನಸ್ಸಿನಲ್ಲಿ ನಮ್ಮ ಶ್ಲೋಕ ಹೇಳಿಕೋ. ಫೋನು ಹೊರಗೆ ತೆಗೆಯಬೇಡ, ಪಕ್ಕದವನ ಜೊತೆ ನಗಬೇಡ. ರೊಟ್ಟಿ, ದ್ರಾಕ್ಷಾರಸ ಕೊಡುವ ಪೂಜೆ ಇದ್ದರೆ ಅದನ್ನು ತೆಗೆದುಕೊಳ್ಳದೆ ಸುಮ್ನೆ ಕೂತಿರು, ಅದು ಅವರ ಸಮುದಾಯದವರಿಗೆ ಮಾತ್ರ, ತೆಗೆದುಕೊಳ್ಳದಿರುವುದೇ ಮರ್ಯಾದೆ. ಆಟ ಮುಗಿದ ಮೇಲೆ ಎರಡೂ ತಂಡ ಮೈದಾನದ ಮಧ್ಯೆ ಒಂದು ಮೊಣಕಾಲೂರಿ ಪ್ರಾರ್ಥಿಸುವುದುಂಟು. ತಂಡದ ಜೊತೆ ಅವನೂ ಮೊಣಕಾಲೂರಲಿ. ನಮ್ಮ ಹುಡುಗರು ತುಂಬಾ ಒದ್ದಾಡುವುದು "ಏನು ಮಾಡಬೇಕೋ ಗೊತ್ತಿಲ್ಲ" ಅನ್ನುವ ಗಲಿಬಿಲಿಯಲ್ಲಿ. ಮನೆಯಲ್ಲೇ ಹೇಳಿಕೊಟ್ಟರೆ ಅರ್ಧ ಕಷ್ಟ ಮುಗಿಯಿತು. ಬೈಬಲ್ ಕ್ಲಾಸನ್ನು ಬೇರೆ ಯಾವ ಪಾಠದ ಥರವೇ ಓದಿ ಒಳ್ಳೆ ಮಾರ್ಕ್ಸ್ ತೆಗೆಯಲಿ. ಇಂಗ್ಲಿಷ್ ಸಾಹಿತ್ಯ ಓದುವಾಗ ಅರ್ಧಕ್ಕರ್ಧ ಮಾತು ಅಲ್ಲಿಂದ ಬಂದದ್ದು ಅಂತ ಆಮೇಲೆ ಅವನಿಗೇ ಗೊತ್ತಾಗುತ್ತದೆ.

ಹಬ್ಬಕ್ಕೆ ರಜೆ ಕೇಳಿದರೆ ತಪ್ಪು ತಿಳಿಯುವುದಿಲ್ಲ. ನನ್ನ ಅನುಭವದಲ್ಲಿ ದೇವರ ಹೆಸರಲ್ಲಿ ಕೇಳಿದ ರಜೆ ಬೇರೆ ಶಾಲೆಗಳಿಗಿಂತ ಇಲ್ಲೇ ಸುಲಭವಾಗಿ ಸಿಗುತ್ತದೆ. ಎರಿಕ್ ಲಿಡಲ್ ಹೆಸರು ಇಂಥ ಶಾಲೆಗಳ ಕೋಚ್‌ಗಳಿಗೆ ಚೆನ್ನಾಗಿ ಗೊತ್ತು. ಮಿಷನರಿ ಮನೆತನದ ಸ್ಕಾಟಿಷ್ ಓಟಗಾರ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬಂತು, ಅದು ದೇವರ ದಿನ ಅಂತ ಓಡಲೇ ಇಲ್ಲ. ಬದಲಿಗೆ 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಅವರನ್ನು ಹೊಗಳುವ ಕೋಚ್ ಗಣೇಶ ಚತುರ್ಥಿಗೆ ಒಂದು ದಿನ ಇಲ್ಲ ಅನ್ನುವುದು ಕಷ್ಟ. ಆದರೆ ಹಿಂದಿನ ದಿನ ರಾತ್ರಿ ಮೆಸೇಜ್ ಹಾಕಬೇಡಿ. ಪ್ರಾಕ್ಟೀಸ್ ಶುರುವಾಗುವ ಮೊದಲೇ ನಮ್ಮ ಹಬ್ಬದ ದಿನಾಂಕಗಳನ್ನು ಬರೆದು ಕೊಡಿ.

ಅತ್ತೆಯವರಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ. ನಾನೂ ಮಿಷನ್ ಶಾಲೆಯಲ್ಲೇ ಓದಿದವಳು. ಬೆಳಿಗ್ಗೆ ಶಾಲೆಯಲ್ಲಿ ಯೇಸುವಿನ ಹಾಡು, ಸಂಜೆ ಮನೆಯಲ್ಲಿ ದಾಸರ ಪದ. ಇವತ್ತಿಗೂ ಎರಡೂ ಬಾಯಿಪಾಠ ಬರುತ್ತವೆ, ಮನೆಯಲ್ಲಿ ಶುಕ್ರವಾರದ ಪೂಜೆ ನಿಂತಿಲ್ಲ. ಕನ್ನಡದ ಮೊದಲ ಪತ್ರಿಕೆಯನ್ನು 1843ರಲ್ಲಿ ಮಂಗಳೂರಿನಲ್ಲಿ ತಂದವರು ಬಾಸೆಲ್ ಮಿಷನ್ನಿನ ಮೋಗ್ಲಿಂಗ್. 1894ರಲ್ಲಿ ಕನ್ನಡಕ್ಕೆ ಅಷ್ಟು ದೊಡ್ಡ ನಿಘಂಟು ಕೊಟ್ಟವರು ಅದೇ ಮಿಷನ್ನಿನ ಕಿಟೆಲ್. ಅವರ ಕೆಲಸದಿಂದ ನಮ್ಮ ಕನ್ನಡ ಕೈತಪ್ಪಿ ಹೋಗಲಿಲ್ಲ. ನಿಮ್ಮೂರಿನ ಶಾಲೆ ಮೈದಾನದಲ್ಲಿ ಅತ್ತೆಯವರು ನೋಡಿರುವ ವಾಲಿಬಾಲ್ ಕೂಡ 1895ರಲ್ಲಿ ಅಮೆರಿಕದ ವೈ.ಎಂ.ಸಿ.ಎ. ಒಂದರಲ್ಲಿ ಹುಟ್ಟಿದ ಆಟ. ವೈ.ಎಂ.ಸಿ.ಎ. ಅಂದರೆ ಕ್ರೈಸ್ತ ಯುವಕರ ಸಂಘ. ಆ ಸಂಘದವರೇ 1920ರಲ್ಲಿ ಮದ್ರಾಸಿನಲ್ಲಿ ಪಿ.ಟಿ. ಮೇಷ್ಟ್ರುಗಳನ್ನು ತಯಾರು ಮಾಡುವ ಕಾಲೇಜು ತೆರೆದರು.

ಹುಡುಗ ಮನೆಗೆ ಬಂದು ಚಾಪೆಲ್‌ನಲ್ಲಿ ಕೇಳಿದ್ದನ್ನು ಹೇಳಿದರೆ ಬೈಯದೆ ಕೇಳಿ. ಯಾರಾದರೂ ಅವನೊಬ್ಬನನ್ನೇ ಕೂರಿಸಿಕೊಂಡು ಒತ್ತಾಯ ಮಾಡಿದರೆ ಆಗ ಪ್ರಿನ್ಸಿಪಾಲರ ಹತ್ತಿರ ನೇರವಾಗಿ ಹೋಗಿ. ಅಂಥದ್ದು ನಾನು ನೋಡಿದ್ದು ಬಹಳ ಕಡಿಮೆ, ಇಲ್ಲವೇ ಇಲ್ಲ ಅನ್ನುವುದಿಲ್ಲ.

ಪ್ರಾಕ್ಟೀಸಿನ ಮೊದಲ ದಿನ ಅವನನ್ನು ಗೇಟಿನಲ್ಲಿ ಇಳಿಸಿ ಹೊರಟುಬಿಡಬೇಡಿ. ಕಾರು ನಿಲ್ಲಿಸಿ, ಛತ್ರಿ ಹಿಡಿದು ಮೈದಾನದವರೆಗೆ ನಡೆಯಿರಿ. ಕೋಚ್‌ಗೆ ನಮಸ್ಕಾರ ಹೇಳಿ. ಆಮೇಲೆ ಆ ಟಬ್ ಎಲ್ಲಿದೆ ಹುಡುಕಿ, ಒಳಗೆ ಬಗ್ಗಿ ನೋಡಿ. ನೀರಿರಬೇಕು, ಪಕ್ಕದಲ್ಲಿ ಐಸ್ ಇರಬೇಕು. ಹಳೇ ಜೆರ್ಸಿ ತುಂಬಿದ್ದರೆ ನನಗೆ ಬರೆಯಿರಿ, ಕೋಚ್‌ಗೆ ಏನು ಹೇಳಬೇಕು ಅಂತ ನಾನೇ ಬರೆದುಕೊಡುತ್ತೇನೆ.